ಸರ್ವರ್ ಹಾರ್ಡ್‌ವೇರ್‌ಗೆ ಮಾನಿಟರಿಂಗ್ ಸೆನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ವರ್ ನೋಡಿಕೊಳ್ಳುವವರು ಮಾತಿಗೆ ಸಿಕ್ಕಾಗ, ಮೇಲ್ ಬರೆದಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲ ಭಾಗ ಈಗಷ್ಟೇ ಶುರು ಮಾಡುವವರಿಗೆ. ಕೊನೆಯ ಭಾಗ, ಎಲ್ಲ ಜೋಡಿಸಿಯಾದ ಮೇಲೂ ಏನೋ ಸರಿಯಿಲ್ಲ ಅನ್ನಿಸುತ್ತಿರುವವರಿಗೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಬಹುದು.

## ಶುರು ಮಾಡುವಾಗ

ಪಿಂಗ್ ಹೋಗ್ತಾ ಇದೆ, ಅಪ್ಲಿಕೇಶನ್ ಓಡ್ತಾ ಇದೆ. ಹಾರ್ಡ್‌ವೇರ್‌ಗೆ ಬೇರೆ ಸೆನ್ಸರ್ ಯಾಕೆ?

ಪಿಂಗ್ ಅಂದರೆ ನೆಟ್‌ವರ್ಕ್ ಮೇಲೆ ಇದ್ದೀಯಾ ಅಂತ ಕೇಳುವುದು, ಅದಕ್ಕೆ ಉತ್ತರ ಬಂತು ಅಂದರೆ ನೆಟ್‌ವರ್ಕ್ ಕಾರ್ಡು, ಆಪರೇಟಿಂಗ್ ಸಿಸ್ಟಂ ಬದುಕಿವೆ ಅಂತ ಅಷ್ಟೇ. ಸರ್ವರ್‌ನಲ್ಲಿ ಕೆಡುವ ಭಾಗಗಳೆಲ್ಲ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಇರುತ್ತವೆ: ಎರಡು ಪವರ್ ಸಪ್ಲೈ, ರೇಡ್‌ನಲ್ಲಿ (ಡಿಸ್ಕ್‌ಗಳನ್ನು ಸೇರಿಸಿ ಒಂದರಂತೆ ಬಳಸುವ ಏರ್ಪಾಟು) ಹಲವು ಡಿಸ್ಕ್, ಸಾಲಾಗಿ ಫ್ಯಾನ್, ಎರಡು ನೆಟ್‌ವರ್ಕ್ ಕೇಬಲ್. ಒಂದು ಕೈಕೊಟ್ಟರೆ ಉಳಿದದ್ದು ಹೊರೆ ಹೊತ್ತುಕೊಳ್ಳುತ್ತದೆ. ಬಳಸುವವರಿಗೆ ಏನೂ ಗೊತ್ತಾಗುವುದಿಲ್ಲ. ನಿಮಗೂ ಗೊತ್ತಾಗುವುದಿಲ್ಲ, ತೊಂದರೆ ಇರುವುದೇ ಅಲ್ಲಿ.

ರೇಡ್ 5ರಲ್ಲಿ ಒಂದು ಡಿಸ್ಕ್ ಸತ್ತ ದಿನ ಪಿಂಗ್, ಡೇಟಾಬೇಸ್, ಬ್ಯಾಕಪ್ ಎಲ್ಲ ಹಸಿರು ತೋರಿಸುತ್ತವೆ. ಎರಡನೆಯದು ಸತ್ತ ದಿನ ಡೇಟಾ ಇರುವುದಿಲ್ಲ. ಈ ಎರಡರ ನಡುವೆ ಯಾರಾದರೂ ನಿಮಗೆ ಹೇಳಬೇಕಲ್ವಾ? ಹಾರ್ಡ್‌ವೇರ್ ಸೆನ್ಸರ್ ಇರುವುದೇ ಅದಕ್ಕೆ. ಸರ್ವರ್ ಪೂರ್ತಿ ಬಿದ್ದರೆ ಹೇಳೋಕೆ ಸೆನ್ಸರ್ ಏನೂ ಬೇಡ, ಫೋನ್ ತಾನಾಗೇ ಬರುತ್ತದೆ.

ಸೆನ್ಸರ್ ಅಂದ್ರೆ ಸರ್ವರ್ ಒಳಗೆ ಏನಾದ್ರೂ ಹೊಸದಾಗಿ ಕೂರಿಸಬೇಕಾ?

ಬಹುಪಾಲು ಬೇಡ. ತಾಪ, ಫ್ಯಾನ್ ವೇಗ, ವೋಲ್ಟೇಜ್ ಅಳೆಯುವ ಚಿಪ್‌ಗಳು ಮದರ್‌ಬೋರ್ಡ್‌ನಲ್ಲೇ ಇರುತ್ತವೆ. ಅವುಗಳನ್ನು ಓದಿ ಹೊರಗೆ ಹೇಳುವುದು ಬಿಎಂಸಿ ಎಂಬ ಚಿಕ್ಕ ಪ್ರತ್ಯೇಕ ಕಂಪ್ಯೂಟರ್. ಡೆಲ್‌ನಲ್ಲಿ ಇದರ ಹೆಸರು ಐಡ್ರ್ಯಾಕ್, ಎಚ್‌ಪಿಇಯಲ್ಲಿ ಐಎಲ್‌ಒ, ಲೆನೋವೊದಲ್ಲಿ ಎಕ್ಸ್‌ಕ್ಲಾರಿಟಿ ಕಂಟ್ರೋಲರ್. ಸರ್ವರ್ ಆಫ್ ಆಗಿದ್ದರೂ ಪವರ್ ಕೇಬಲ್ ಚುಚ್ಚಿದ್ದರೆ ಸಾಕು, ಬಿಎಂಸಿ ಎಚ್ಚರವಾಗಿರುತ್ತದೆ.

ನೀವು ಮಾಡಬೇಕಾದ್ದು ಮಾನಿಟರಿಂಗ್ ಸಾಫ್ಟ್‌ವೇರ್‌ನಲ್ಲಿ. ಯಾವ ಸಂಖ್ಯೆಯನ್ನು, ಎಷ್ಟು ಹೊತ್ತಿಗೊಮ್ಮೆ ಕೇಳಬೇಕು, ಎಷ್ಟಾದರೆ ಕೂಗಬೇಕು ಅಂತ ಹೇಳಿಕೊಡುವುದು. ಪಿಆರ್‌ಟಿಜಿ ಇದನ್ನು ಸೆನ್ಸರ್ ಅನ್ನುತ್ತದೆ, ಜ್ಯಾಬಿಕ್ಸ್ ಐಟಂ ಅನ್ನುತ್ತದೆ, ನ್ಯಾಗಿಯೋಸ್ ಸರ್ವಿಸ್ ಅನ್ನುತ್ತದೆ. ಕೆಲಸ ಒಂದೇ. ರ‍್ಯಾಕ್‌ನ ತೇವಾಂಶ, ನೆಲದ ಮೇಲಿನ ನೀರು, ಬಾಗಿಲು ತೆರೆದಿದೆಯಾ ಅನ್ನುವುದಕ್ಕೆ ಮಾತ್ರ ಬೇರೆ ಸಾಧನ ಬೇಕು.

ಲಿಸ್ಟ್ ನೋಡಿದ್ರೆ ನೂರಾರು ಇದೆ, ತಲೆ ತಿರುಗುತ್ತೆ. ಮೊದಲು ಯಾವುದಕ್ಕೆ ಹಾಕ್ಲಿ?

ಕೆಟ್ಟರೂ ಸದ್ದು ಮಾಡದೆ ಇರುವ ಭಾಗಗಳಿಗೆ. ನಾನಾದರೆ ಈ ಕ್ರಮದಲ್ಲಿ ಹೋಗುತ್ತೇನೆ: ರೇಡ್ ಅರೇ ಸ್ಥಿತಿ, ಒಂದೊಂದು ಡಿಸ್ಕಿನ ಸ್ಥಿತಿ, ಒಂದೊಂದು ಪವರ್ ಸಪ್ಲೈ, ಫ್ಯಾನ್‌ಗಳು, ಒಳಗೆ ಬರುವ ಗಾಳಿಯ ತಾಪ, ರೇಡ್ ಕಾರ್ಡಿನ ಕ್ಯಾಶ್ ಬ್ಯಾಟರಿ, ಮೆಮೊರಿ ಎರರ್, ಒಂದೊಂದು ನೆಟ್‌ವರ್ಕ್ ಪೋರ್ಟಿನ ಲಿಂಕ್. ಇವೆಲ್ಲದರ ಮೇಲೆ ಬಿಎಂಸಿ ಕೊಡುವ ಒಟ್ಟು ಆರೋಗ್ಯದ ಒಂದು ಸೆನ್ಸರ್. ಒಂದು ಸರ್ವರ್‌ಗೆ ಹತ್ತು ಹದಿನೈದು ಸಾಕು.

ಒಂದೊಂದು ಕೋರ್‌ನ ತಾಪ, 1.8 ವೋಲ್ಟ್, 3.3 ವೋಲ್ಟ್ ವಿದ್ಯುತ್ ಸಾಲು ಇವಕ್ಕೆಲ್ಲ ಅಲರ್ಟ್ ಹಾಕಬೇಡಿ. ವೋಲ್ಟೇಜ್ ಹದ ತಪ್ಪಿದರೆ ಒಟ್ಟು ಆರೋಗ್ಯದ ಸೆನ್ಸರ್ ಕೆಂಪಾಗುತ್ತದೆ, ಆಮೇಲೆ ಒಳಗೆ ಹೋಗಿ ನೋಡಿದರಾಯಿತು. ಪ್ರತಿ ಸೆನ್ಸರ್ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಕೂಗಿದರೆ ನಾನು ಏನು ಮಾಡ್ತೀನಿ? ಉತ್ತರ ಇಲ್ಲದಿದ್ದರೆ ಗ್ರಾಫ್‌ಗೆ ಇಟ್ಟುಕೊಳ್ಳಿ, ಅಲರ್ಟ್ ಬೇಡ.

ಎಸ್‌ಎನ್‌ಎಂಪಿ, ಐಪಿಎಂಐ, ರೆಡ್‌ಫಿಶ್. ಮೂರರಲ್ಲಿ ಯಾವುದು?

ಮೂರೂ ಯಂತ್ರದ ಸ್ಥಿತಿಯನ್ನು ಕೇಳಿ ತಿಳಿಯುವ ವಿಧಾನಗಳು. ಎಸ್‌ಎನ್‌ಎಂಪಿ ಎಲ್ಲ ಕಡೆ ಸಿಗುತ್ತದೆ. ಸ್ವಿಚ್, ಯುಪಿಎಸ್, ಸರ್ವರ್ ಎಲ್ಲವನ್ನೂ ಒಂದೇ ರೀತಿ ಕೇಳಬಹುದು. ಯುಡಿಪಿ 161ನೇ ಪೋರ್ಟಿನಲ್ಲಿ ಪ್ರಶ್ನೆ, 162ರಲ್ಲಿ ಟ್ರ್ಯಾಪ್ (ಸಾಧನ ತಾನಾಗೇ ಕಳಿಸುವ ಸುದ್ದಿ). ಐಪಿಎಂಐ 1998ರಲ್ಲಿ ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ ತಂದದ್ದು. ಯುಡಿಪಿ 623ರಲ್ಲಿ ಓಡುತ್ತದೆ. ಹಳೆಯ ಯಂತ್ರಗಳಲ್ಲೂ ಇರುತ್ತದೆ, ಆದರೆ ಭದ್ರತೆ ದುರ್ಬಲ. ರೆಡ್‌ಫಿಶ್ 2015ರಲ್ಲಿ ಡಿಎಂಟಿಎಫ್ ಎಂಬ ಮಾನಕ ಸಂಸ್ಥೆ ಹೊರತಂದ ಹೊಸ ದಾರಿ. ಎಚ್‌ಟಿಟಿಪಿಎಸ್ ಮೇಲೆ ಜೇಸನ್ ರೂಪದಲ್ಲಿ ಉತ್ತರ ಬರುತ್ತದೆ, ಓದೋಕೆ ಸುಲಭ.

ಸರ್ವರ್ ಹೊಸದಾದರೆ ರೆಡ್‌ಫಿಶ್. ನೆಟ್‌ವರ್ಕ್ ಸಾಧನಗಳಿಗೆ ಈಗಾಗಲೇ ಎಸ್‌ಎನ್‌ಎಂಪಿ ಓಡಿಸುತ್ತಿದ್ದರೆ ಸರ್ವರ್‌ಗೂ ಅದನ್ನೇ ಬಳಸಿ, ಆದರೆ ಮೂರನೇ ಆವೃತ್ತಿ ಇರಲಿ. ನೆಟ್‌ವರ್ಕ್ ಮೇಲೆ ಐಪಿಎಂಐ ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ.

ಯಾವ ಸಾಫ್ಟ್‌ವೇರ್ ಒಳ್ಳೇದು?

ನಿಮ್ಮ ತಂಡಕ್ಕೆ ಯಾವುದು ಗೊತ್ತೋ ಅದು. ವಿಂಡೋಸ್ ಜಾಸ್ತಿ ಇದ್ದು ಬೇಗ ಕೆಲಸ ಆಗಬೇಕು ಅಂದರೆ ಪಿಆರ್‌ಟಿಜಿ ಸುಲಭ. ದುಡ್ಡು ಕೊಡದೆ ಎಲ್ಲ ಒಂದೇ ಕಡೆ ಬೇಕು ಅಂದರೆ ಜ್ಯಾಬಿಕ್ಸ್. ಡೆಲ್, ಎಚ್‌ಪಿಇಗೆ ಸಿದ್ಧ ಟೆಂಪ್ಲೇಟ್ ಅದರಲ್ಲೇ ಬರುತ್ತವೆ. ಕಂಟೇನರ್ ಲೋಕದವರು ಹೇಗೂ ಪ್ರೊಮೀಥಿಯಸ್ ಓಡಿಸುತ್ತಿರುತ್ತಾರೆ, ಅದಕ್ಕೆ ಎಸ್‌ಎನ್‌ಎಂಪಿ, ಐಪಿಎಂಐ ಎಕ್ಸ್‌ಪೋರ್ಟರ್‌ಗಳಿವೆ (ಸಂಖ್ಯೆಗಳನ್ನು ಓದಿ ಕೊಡುವ ಚಿಕ್ಕ ಪ್ರೋಗ್ರಾಂಗಳು). ಇದರ ಚರ್ಚೆಯಲ್ಲೇ ತಿಂಗಳು ಕಳೆಯುವ ತಂಡಗಳಿವೆ. ಅಷ್ಟು ಹೊತ್ತಿಗೆ ಯಾವುದೋ ಒಂದು ಡಿಸ್ಕ್ ಸತ್ತಿರುತ್ತದೆ.

## ಜೋಡಿಸುವಾಗ

ಎಸ್‌ಎನ್‌ಎಂಪಿ ಆನ್ ಮಾಡಿದೀನಿ, ಆದ್ರೂ ಟೈಮ್‌ಔಟ್ ಅಂತಾನೇ ಬರುತ್ತೆ. ಎಲ್ಲಿ ಹುಡುಕಲಿ?

ಮೊದಲು ಒಂದು ವಿಷಯ. ಎಸ್‌ಎನ್‌ಎಂಪಿ ಎರಡನೇ ಆವೃತ್ತಿಯಲ್ಲಿ ಕಮ್ಯುನಿಟಿ ಹೆಸರು (ಪಾಸ್‌ವರ್ಡ್‌ನಂತಹ ಪದ) ತಪ್ಪಾದರೆ ಎದುರಿನ ಯಂತ್ರ ತಪ್ಪು ಅಂತ ಹೇಳುವುದಿಲ್ಲ, ಸುಮ್ನೆ ಇರುತ್ತದೆ. ಫೈರ್‌ವಾಲ್ ತಡೆದರೂ ಹಾಗೇ, ಸರ್ವಿಸ್ ಕೆಲಸ ಮಾಡದಿದ್ದರೂ ಹಾಗೇ. ಎಲ್ಲಕ್ಕೂ ನಿಮಗೆ ಕಾಣುವುದು ಟೈಮ್‌ಔಟ್ ಒಂದೇ.

ಹಾಗಾಗಿ ಒಳಗಿನಿಂದ ಹೊರಗೆ ಬನ್ನಿ. ಸರ್ವರ್ ಒಳಗಿಂದಲೇ ತನ್ನನ್ನು ತಾನು ಕೇಳಿ ನೋಡಿ. ಉತ್ತರ ಬಂದರೆ ಸರ್ವಿಸ್ ಸರಿ. ಆಮೇಲೆ ಮಾನಿಟರಿಂಗ್ ಸರ್ವರ್‌ನಿಂದ ಎಸ್‌ಎನ್‌ಎಂಪಿವಾಕ್ ಕಮಾಂಡ್ ಓಡಿಸಿ, 1.3.6.1.2.1.1.1.0 ಎಂಬ ಓಐಡಿ (ಒಂದೊಂದು ಸಂಗತಿಗೂ ಇರುವ ವಿಳಾಸ) ಒಂದನ್ನೇ ಕೇಳಿ. ಅದು ಯಂತ್ರದ ವಿವರ, ಎಲ್ಲ ಸಾಧನದಲ್ಲೂ ಇರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಿಂದ ಪರೀಕ್ಷಿಸಿದರೆ ಲೆಕ್ಕಕ್ಕಿಲ್ಲ, ಫೈರ್‌ವಾಲ್ ನಿಯಮ ಐಪಿ ನೋಡಿ ಬಿಡುತ್ತದೆ.

ಜನ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವ ಜಾಗಗಳು ಎರಡು. ಡೆಬಿಯನ್, ಉಬುಂಟುವಿನಲ್ಲಿ ಎಸ್‌ಎನ್‌ಎಂಪಿ ಸರ್ವಿಸ್ ಹಾಕಿದ ಕೂಡಲೇ ಅದು 127.0.0.1ರಲ್ಲಿ ಮಾತ್ರ ಕೇಳಿಸಿಕೊಳ್ಳುತ್ತದೆ. ಅದನ್ನು ಬದಲಿಸಿದ ಮೇಲೂ ಮೊದಲೇ ಇರುವ ಸೆಟ್ಟಿಂಗ್ ಯಂತ್ರದ ಹೆಸರು, ವಿವರದಂತಹ ಸ್ವಲ್ಪವನ್ನು ಮಾತ್ರ ತೋರಿಸುತ್ತದೆ, ಉಳಿದದ್ದಕ್ಕೆ ವ್ಯೂ ಸಾಲನ್ನು ಬದಲಿಸಬೇಕು. ಇನ್ನು ವಿಂಡೋಸ್‌ನಲ್ಲಿ, ಯಾವ ಹೋಸ್ಟ್‌ನಿಂದ ಪ್ಯಾಕೆಟ್ ತೆಗೆದುಕೊಳ್ಳಬೇಕು ಅನ್ನುವ ಪಟ್ಟಿ ಸರ್ವಿಸ್‌ನ ಸೆಕ್ಯುರಿಟಿ ಟ್ಯಾಬ್‌ನಲ್ಲಿರುತ್ತದೆ. ಅಲ್ಲಿ ನಿಮ್ಮ ಮಾನಿಟರಿಂಗ್ ಸರ್ವರ್ ಸೇರಿಸಿ.

ಇನ್ನೊಂದು: ಸರ್ವರ್‌ಗೆ ಎರಡು ಐಪಿ ಇದ್ದರೆ, ಒಂದಕ್ಕೆ ಕೇಳಿದ್ದಕ್ಕೆ ಇನ್ನೊಂದರಿಂದ ಉತ್ತರ ಬರಬಹುದು. ಅದನ್ನು ಫೈರ್‌ವಾಲ್ ಬಿಸಾಡುತ್ತದೆ.

ಬಿಎಂಸಿ ಐಪಿಗೆ ಕೇಳಬೇಕಾ, ವಿಂಡೋಸ್ ಅಥವಾ ಲಿನಕ್ಸ್ ಐಪಿಗೆ ಕೇಳಬೇಕಾ?

ಹಾರ್ಡ್‌ವೇರ್‌ಗೆ ಬಿಎಂಸಿ, ಡಿಸ್ಕ್ ಜಾಗ, ಮೆಮೊರಿ ಬಳಕೆ, ಸರ್ವಿಸ್‌ಗಳಿಗೆ ಆಪರೇಟಿಂಗ್ ಸಿಸ್ಟಂ. ಎರಡನ್ನೂ ಬೇರೆ ಬೇರೆ ಡಿವೈಸ್ ಆಗಿ ಸೇರಿಸಿ. ಒಂದೇ ಕಡೆ ತುರುಕಿದರೆ ಸರ್ವರ್ ರೀಬೂಟ್ ಆದಾಗ ಹಾರ್ಡ್‌ವೇರ್ ಸೆನ್ಸರ್‌ಗಳೂ ಕೆಂಪಾಗಿ ಕೂರುತ್ತವೆ. ಕರ್ನಲ್ ಪ್ಯಾನಿಕ್ ಆಗಿ ಯಂತ್ರ ನಿಂತಾಗ ಒಳಗೆ ಏನಾಗಿದೆ ಅಂತ ಹೇಳಬಲ್ಲದ್ದು ಬಿಎಂಸಿ ಒಂದೇ.

ಬಿಎಂಸಿಗೆ ಬೇರೆ ಕೇಬಲ್ ಎಳೆಯಲೇಬೇಕಾ? ಸ್ವಿಚ್‌ನಲ್ಲಿ ಪೋರ್ಟ್ ಇಲ್ಲ.

ಹಲವು ಸರ್ವರ್‌ಗಳಲ್ಲಿ ಬಿಎಂಸಿ ಮೊದಲ ನೆಟ್‌ವರ್ಕ್ ಪೋರ್ಟನ್ನೇ ಹಂಚಿಕೊಳ್ಳಬಹುದು. ಕೆಲಸ ನಡೆಯುತ್ತದೆ. ಆದರೆ ಆ ಪೋರ್ಟೋ ಕೇಬಲ್ಲೋ ಹೋದರೆ ಸರ್ವರ್ ಜೊತೆಗೆ ಬಿಎಂಸಿಯೂ ಕಾಣೆ. ಬೇಕೇ ಬೇಕು ಅನ್ನುವ ಹೊತ್ತಲ್ಲೇ ಇಲ್ಲದಂತಾಗುತ್ತದೆ. ಪ್ರತ್ಯೇಕ ಪೋರ್ಟು, ಪ್ರತ್ಯೇಕ ವಿಲ್ಯಾನ್ (ಅದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್), ಸಾಧ್ಯವಾದರೆ ಪ್ರತ್ಯೇಕ ಸ್ವಿಚ್. ಆ ಸ್ವಿಚ್ ಹಳೆಯ 100 ಎಂಬಿಪಿಎಸ್‌ದಾದರೂ ಸಾಕು.

ಕೆಲವು ಬಿಎಂಸಿಗಳಲ್ಲಿ ಫೇಲ್‌ಓವರ್ ಅಂತ ಒಂದು ಮೋಡ್ ಇದೆ: ಪ್ರತ್ಯೇಕ ಪೋರ್ಟಿನಲ್ಲಿ ಲಿಂಕ್ ಇಲ್ಲದಿದ್ದರೆ ತಾನೇ ಹಂಚಿಕೊಂಡ ಪೋರ್ಟಿಗೆ ಹೋಗುತ್ತದೆ. ಅಂದರೆ ಯಾರೋ ಕೇಬಲ್ ಕಿತ್ತರೆ ನಿಮ್ಮ ಬಿಎಂಸಿ ಬಳಕೆದಾರರ ನೆಟ್‌ವರ್ಕ್‌ನಲ್ಲಿ ಪ್ರತ್ಯಕ್ಷ. ಇದನ್ನು ತಿಳಿದೇ ಆರಿಸಿಕೊಳ್ಳಿ.

ತಾಪಮಾನ 230 ತೋರಿಸ್ತಿದೆ! ಸರ್ವರ್ ಸುಟ್ಟು ಹೋಯ್ತಾ?

ಇಲ್ಲ, 23 ಡಿಗ್ರಿ ಇದೆ. ಡೆಲ್ ತನ್ನ ಎಸ್‌ಎನ್‌ಎಂಪಿಯಲ್ಲಿ ತಾಪವನ್ನು ಡಿಗ್ರಿಯ ಹತ್ತನೇ ಒಂದರ ಲೆಕ್ಕದಲ್ಲಿ ಕೊಡುತ್ತದೆ, ವೋಲ್ಟೇಜನ್ನು ಮಿಲಿವೋಲ್ಟ್‌ನಲ್ಲಿ. ಸೆನ್ಸರ್ ಸೆಟ್ಟಿಂಗ್‌ನಲ್ಲಿ ಭಾಗಿಸುವ ಸಂಖ್ಯೆ 10 ಅಂತ ಹಾಕಿ. ಯಾವ ಘಟಕ ಅನ್ನುವುದು ಆ ಕಂಪನಿಯ ಮಿಬ್ ಫೈಲ್‌ನಲ್ಲಿ (ಯಾವ ಸಂಖ್ಯೆ ಏನು ಅಂತ ಹೇಳುವ ಪಟ್ಟಿ), ವಿವರದ ಸಾಲಿನಲ್ಲಿ ಬರೆದಿರುತ್ತದೆ.

ಇದಕ್ಕಿಂತ ಅಪಾಯದ್ದು ಸ್ಥಿತಿಯ ಸಂಖ್ಯೆಗಳು. ಡೆಲ್‌ನಲ್ಲಿ 3 ಅಂದರೆ ಸರಿಯಾಗಿದೆ, 4 ಅಂದರೆ ಎಚ್ಚರಿಕೆ, 5 ಗಂಭೀರ, 6 ಇನ್ನು ಚೇತರಿಸದು. ಎಚ್‌ಪಿಇಯಲ್ಲಿ 2 ಅಂದರೆ ಸರಿಯಾಗಿದೆ, 3 ಅಂದರೆ ಹದಗೆಟ್ಟಿದೆ, 4 ಅಂದರೆ ಕೆಟ್ಟಿದೆ. ಅಂದರೆ ಒಂದೇ 3, ಒಂದು ಕಡೆ ಒಳ್ಳೆಯ ಸುದ್ದಿ, ಇನ್ನೊಂದು ಕಡೆ ಕೆಟ್ಟ ಸುದ್ದಿ. ಡೆಲ್‌ಗೆ ಬರೆದ ಟೆಂಪ್ಲೇಟನ್ನು ನಕಲು ಮಾಡಿ ಎಚ್‌ಪಿಇಗೆ ಹಾಕಿ, 3 ಬಂದರೆ ಹಸಿರು ಅಂತ ಬಿಟ್ಟರೆ, ಸೆನ್ಸರ್ ಹದಗೆಟ್ಟ ಡಿಸ್ಕನ್ನು ಚೆನ್ನಾಗಿದೆ ಅಂತ ತೋರಿಸುತ್ತಾ ಕೂರುತ್ತದೆ. ಗುರುತು ಹಿಡಿಯೋದು ಸುಲಭ: ಓಐಡಿ 1.3.6.1.4.1.674 ಅಂತ ಶುರುವಾದರೆ ಡೆಲ್, 1.3.6.1.4.1.232 ಅಂತ ಶುರುವಾದರೆ ಎಚ್‌ಪಿಇ. ಆ 232 ಕಾಂಪ್ಯಾಕ್ ಕಾಲದಿಂದ ಬಂದ ನಂಬರು, ಕಂಪನಿ ಕೈ ಬದಲಾದರೂ ಅದು ಹಾಗೇ ಉಳಿದಿದೆ.

ರೇಡ್ ಕಾರ್ಡ್ ಹಿಂದೆ ಇರೋ ಡಿಸ್ಕ್‌ಗಳು ಕಾಣ್ತಾನೇ ಇಲ್ಲ. ಒಂದೇ ದೊಡ್ಡ ಡಿಸ್ಕ್ ಕಾಣುತ್ತೆ.

ರೇಡ್ ಕಾರ್ಡಿನ ಕೆಲಸವೇ ಅದು. ಆಪರೇಟಿಂಗ್ ಸಿಸ್ಟಂಗೆ ಒಂದೇ ಡಿಸ್ಕ್ ಅಂತ ತೋರಿಸುತ್ತದೆ, ಒಳಗಿನ ಕಥೆ ಮುಚ್ಚಿಡುತ್ತದೆ. ಬರೀ ಐಪಿಎಂಐ ಕೇಳಿದರೂ ಡಿಸ್ಕಿನ ಪೂರ್ತಿ ವಿಷಯ ಸಾಮಾನ್ಯವಾಗಿ ಬರುವುದಿಲ್ಲ.

ದಾರಿ ಮೂರು. ಒಂದು, ಬಿಎಂಸಿಯ ಎಸ್‌ಎನ್‌ಎಂಪಿ ಅಥವಾ ರೆಡ್‌ಫಿಶ್‌ನಲ್ಲಿ ಸ್ಟೋರೇಜ್ ಭಾಗ. ಈಚಿನ ಐಡ್ರ್ಯಾಕ್, ಐಎಲ್‌ಒಗಳು ಆಪರೇಟಿಂಗ್ ಸಿಸ್ಟಂನಲ್ಲಿ ಏನೂ ಹಾಕದೆಯೇ ಇದನ್ನು ಕೊಡುತ್ತವೆ, ಇದೇ ಉತ್ತಮ. ಎರಡು, ಕಾರ್ಡ್ ತಯಾರಕರ ಸಾಧನ. ಮೆಗಾರೇಡ್ ಕಾರ್ಡಿಗೆ ಸ್ಟೋರ್‌ಸಿಎಲ್‌ಐ, ಅದರ ಉತ್ತರವನ್ನು ಸ್ಕ್ರಿಪ್ಟ್‌ನಿಂದ ಓದಿ ಸೆನ್ಸರ್‌ಗೆ ಕೊಡಿ. ಮೂರು, ಸ್ಮಾರ್ಟ್ (ಡಿಸ್ಕ್ ತಾನೇ ಇಡುವ ಆರೋಗ್ಯದ ಲೆಕ್ಕ) ಓದುವ ಸ್ಮಾರ್ಟ್‌ಸಿಟಿಎಲ್‌ಗೆ ಮೆಗಾರೇಡ್ ಅಂತ ಡಿವೈಸ್ ವಿಧವನ್ನು, ಜೊತೆಗೆ ಡಿಸ್ಕಿನ ಸಂಖ್ಯೆಯನ್ನು ಕೊಟ್ಟರೆ ಕಾರ್ಡನ್ನು ದಾಟಿ ಒಳಗಿನ ಡಿಸ್ಕನ್ನೇ ಕೇಳುತ್ತದೆ.

ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ ಆದರೆ ಬಿಎಂಸಿಗೆ ಅದರ ಸುಳಿವೇ ಇರುವುದಿಲ್ಲ. ಎಂಡಿಸ್ಟ್ಯಾಟ್ ಫೈಲ್ ತೆರೆದು ನೋಡಿ. ಎರಡು ಡಿಸ್ಕಿನ ಅರೇಗೆ ಚೌಕ ಆವರಣದೊಳಗೆ ಎರಡು ಯು ಅಕ್ಷರ ಇದ್ದರೆ ಸರಿ. ಒಂದು ಯು ಜಾಗದಲ್ಲಿ ಅಡಿಗೆರೆ ಬಂದಿದ್ದರೆ ಒಂದು ಡಿಸ್ಕ್ ಇಲ್ಲ. ಅಷ್ಟು ಚಿಕ್ಕ ಗೆರೆ, ದಿನಾ ಲಾಗಿನ್ ಆಗುವವರೂ ನೋಡಿರುವುದಿಲ್ಲ. ಈ ರೇಡ್ ನೋಡಿಕೊಳ್ಳುವ ಎಂಡಿಎಡಿಎಂ ಮಾನಿಟರ್ ಮೋಡಿನಲ್ಲಿ ಓಡಲಿ. ಪ್ರೊಮೀಥಿಯಸ್‌ನವರಿಗೆ ನೋಡ್ ಎಕ್ಸ್‌ಪೋರ್ಟರ್ ಇದನ್ನು ತಾನೇ ಓದಿ ಕೊಡುತ್ತದೆ.

ವರ್ಚುವಲ್ ಮೆಷಿನ್ ಒಳಗಿಂದ ಫ್ಯಾನ್, ಡಿಸ್ಕ್ ನೋಡಬಹುದಾ?

ಇಲ್ಲ. ಅಲ್ಲಿ ಕಾಣುವ ಹಾರ್ಡ್‌ವೇರ್ ಎಲ್ಲ ವರ್ಚುವಲ್ ಮೆಷಿನ್‌ಗಳನ್ನು ಓಡಿಸುವ ಹೈಪರ್‌ವೈಸರ್ ಸೃಷ್ಟಿಸಿದ್ದು. ಕೆಳಗಿನ ಯಂತ್ರದ ಬಿಎಂಸಿಗೆ ಕೇಳಿ.

ಎಷ್ಟು ಹೊತ್ತಿಗೊಮ್ಮೆ ಕೇಳಬೇಕು? ಹತ್ತು ಸೆಕೆಂಡ್ ಇಟ್ರೆ ಒಳ್ಳೇದಲ್ವಾ?

ಬಿಎಂಸಿ ಸಣ್ಣ ಪ್ರೊಸೆಸರ್. ಹತ್ತು ಸೆಕೆಂಡಿಗೊಮ್ಮೆ ನೂರು ಪ್ರಶ್ನೆ ಕೇಳಿದರೆ ತಡವರಿಸುತ್ತದೆ, ವೆಬ್ ಪೇಜ್ ತೆರೆಯೋದೇ ನಿಧಾನವಾಗುತ್ತದೆ, ಆಮೇಲೆ ನಿಮ್ಮದೇ ಸೆನ್ಸರ್‌ಗಳು ಟೈಮ್‌ಔಟ್ ಆಗಿ ಸುಳ್ಳು ಅಲರ್ಟ್ ಕೊಡುತ್ತವೆ. ಪಿಂಗ್ ಮತ್ತು ಪೋರ್ಟ್ ಟ್ರಾಫಿಕ್‌ಗೆ ಒಂದು ನಿಮಿಷ. ತಾಪ, ಫ್ಯಾನ್, ಪವರ್ ಸಪ್ಲೈಗೆ ಐದು ನಿಮಿಷ. ಡಿಸ್ಕಿನ ಸ್ಮಾರ್ಟ್ ವಿವರಕ್ಕೆ ಅರ್ಧ ಗಂಟೆ, ಒಂದು ಗಂಟೆ ಆದರೂ ಏನೂ ಮುಳುಗುವುದಿಲ್ಲ.

ರೆಡ್‌ಫಿಶ್ ಬಳಸುವವರಿಗೆ ಒಂದು ಮಾತು: ಪ್ರತಿ ಸಲ ಹೊಸ ಸೆಷನ್ ತೆರೆದು ಮುಚ್ಚದೆ ಬಿಟ್ಟರೆ, ಬಿಎಂಸಿಯಲ್ಲಿ ಇರುವ ಕೆಲವೇ ಸೆಷನ್ ಜಾಗ ತುಂಬುತ್ತದೆ. ಆಗ ನಿಮಗೇ ಲಾಗಿನ್ ಆಗೋಕೆ ಬಿಡುವುದಿಲ್ಲ.

## ಮಿತಿಗಳು, ಅಲರ್ಟ್‌ಗಳು

ತಾಪಕ್ಕೆ ಎಷ್ಟು ಡಿಗ್ರಿ ಮಿತಿ ಇಡಲಿ?

ಯಾವ ತಾಪ ಅನ್ನೋದು ಮೊದಲ ಪ್ರಶ್ನೆ. ಮುಂದಿನಿಂದ ಒಳಗೆ ಹೋಗುವ ಗಾಳಿ, ಹಿಂದಿನಿಂದ ಹೊರಬರುವ ಗಾಳಿ, ಸಿಪಿಯು ಮೂರೂ ಬೇರೆ. ಕೋಣೆಯ ಎಸಿ ಕೆಟ್ಟಿದ್ದನ್ನು ಹೇಳುವುದು ಮೊದಲನೆಯದು. ಹವಾನಿಯಂತ್ರಣ ಎಂಜಿನಿಯರ್‌ಗಳ ಆಶ್ರೇ ಸಂಸ್ಥೆ ಸರ್ವರ್‌ನ ಒಳಗಾಳಿಗೆ 18ರಿಂದ 27 ಡಿಗ್ರಿ ಸೆಲ್ಸಿಯಸ್ ಶಿಫಾರಸು ಮಾಡುತ್ತದೆ. ಹಾಗಾಗಿ 27ಕ್ಕೆ ಎಚ್ಚರಿಕೆ, 32ರ ಆಸುಪಾಸು ಗಂಭೀರ ಅಂತ ಶುರು ಮಾಡಿ. ನಿಮ್ಮ ಕೋಣೆ ಸದಾ 21ರಲ್ಲೇ ಇರುವುದಾದರೆ 25ಕ್ಕೇ ಎಚ್ಚರಿಕೆ ಇಟ್ಟರೆ ಕೈಗೆ ಹೆಚ್ಚು ಸಮಯ ಸಿಗುತ್ತದೆ.

ಸಿಪಿಯು ತಾಪಕ್ಕೆ ಬಿಎಂಸಿಯಲ್ಲಿ ತಯಾರಕರೇ ಇಟ್ಟ ಮಿತಿ ಇರುತ್ತದೆ, ಅದನ್ನೇ ಬಳಸಿ. ಕೆಲಸ ಜಾಸ್ತಿ ಆದಾಗ ಸಿಪಿಯು ಬಿಸಿಯಾಗುವುದು ಸಹಜ. ಎಸಿ ನಿಂತಾಗ ಮಾತ್ರ ಒಂದೇ ರ‍್ಯಾಕ್‌ನ ಸರ್ವರ್‌ಗಳೆಲ್ಲ ಒಟ್ಟಿಗೆ ಏರುತ್ತವೆ. ಹತ್ತು ಸರ್ವರ್‌ನ ಒಳಗಾಳಿಯನ್ನು ಒಂದೇ ಗ್ರಾಫ್‌ನಲ್ಲಿ ಇಟ್ಟುಕೊಂಡರೆ, ಒಂದೇ ಗೆರೆ ಏರಿದೆಯಾ ಎಲ್ಲವೂ ಏರಿವೆಯಾ ಅಂತ ನೋಡಿದ ತಕ್ಷಣ ತಿಳಿಯುತ್ತದೆ. ಒಂದೇ ಏರಿದ್ದರೆ ಆ ಸರ್ವರ್ ಮುಂದೆ ಏನೋ ಅಡ್ಡ ಇದೆ, ಅಥವಾ ರ‍್ಯಾಕ್‌ನಲ್ಲಿ ಖಾಲಿ ಜಾಗಕ್ಕೆ ಬ್ಲ್ಯಾಂಕ್ ಪ್ಯಾನೆಲ್ ಹಾಕದೆ ಹಿಂದಿನ ಬಿಸಿಗಾಳಿ ಮುಂದಕ್ಕೆ ಸುತ್ತಿ ಬರುತ್ತಿದೆ.

ಸ್ಮಾರ್ಟ್‌ನಲ್ಲಿ ಹತ್ತಾರು ಸಂಖ್ಯೆ ಇವೆ. ಯಾವುದನ್ನು ನಂಬಲಿ?

ತಿರುಗುವ ಡಿಸ್ಕಿಗೆ 5, 187, 188, 197, 198 ಐದನ್ನು ನೋಡಿ. ಬೇರೆ ಕಡೆಗೆ ಬದಲಿಸಿದ ಸೆಕ್ಟರ್, ಸರಿಪಡಿಸಲಾಗದ ಎರರ್, ಕಮಾಂಡ್ ಟೈಮ್‌ಔಟ್, ಓದಲು ಕಷ್ಟವಾಗಿ ಕಾದಿರುವ ಸೆಕ್ಟರ್ ಇಂಥವು. ಸೊನ್ನೆಯಿಂದ ಮೇಲೆ ಹೋಯಿತು ಅನ್ನುವುದಕ್ಕಿಂತ, ವಾರದಿಂದ ವಾರಕ್ಕೆ ಏರುತ್ತಿದೆಯಾ ಅನ್ನುವುದು ಮುಖ್ಯ. ಎಂಟಕ್ಕೆ ನಿಂತು ವರ್ಷವಾದ ಡಿಸ್ಕ್ ಬದುಕಬಹುದು. ಮೂರು ದಿನದಲ್ಲಿ ಎಂಟರಿಂದ ನಲವತ್ತಕ್ಕೆ ಹೋದದ್ದನ್ನು ಇವತ್ತೇ ಬದಲಿಸಿ.

199 ಏರುತ್ತಿದ್ದರೆ ಡಿಸ್ಕ್ ಬಿಸಾಡಬೇಡಿ, ಅದು ಬಹುಮಟ್ಟಿಗೆ ಕೇಬಲ್ ಅಥವಾ ಬ್ಯಾಕ್‌ಪ್ಲೇನ್ ತೊಂದರೆ. ಕೇಬಲ್ ಬದಲಿಸಿದ ಮೇಲೂ ಹಳೆಯ ಸಂಖ್ಯೆ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು. ಸೀಗೇಟ್ ಡಿಸ್ಕಿನಲ್ಲಿ 1ನೇ ಸಂಖ್ಯೆ ಕೋಟಿಗಟ್ಟಲೆ ಕಂಡರೆ ಹೆದರಬೇಡಿ, ಅದನ್ನು ಅವರು ಬರೆದಿಡುವ ರೀತಿಯೇ ಬೇರೆ. ಎನ್‌ವಿಎಂಇ ಎಸ್‌ಎಸ್‌ಡಿಗೆ (ತಿರುಗದ ಡಿಸ್ಕಿಗೆ) ಕ್ರಿಟಿಕಲ್ ವಾರ್ನಿಂಗ್, ಉಳಿದಿರುವ ಸ್ಪೇರ್, ಬಳಸಿದ ಶೇಕಡಾ ನೋಡಿ. ಬಳಸಿದ ಶೇಕಡಾ 100 ದಾಟಬಹುದು, ದಾಟಿದ ಕೂಡಲೇ ಸಾಯುವುದಿಲ್ಲ.

ಒಂದು ಎಚ್ಚರ. ಗೂಗಲ್ 2007ರಲ್ಲಿ ತನ್ನ ಡಿಸ್ಕ್‌ಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಪ್ರಬಲ ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಸ್ಮಾರ್ಟ್ ಹಸಿರಾಗಿದೆ ಅಂತ ರೇಡ್ ಸ್ಥಿತಿಯ ಸೆನ್ಸರ್ ಬಿಡಬೇಡಿ, ಬ್ಯಾಕಪ್ ಅಂತೂ ಬಿಡಲೇಬೇಡಿ.

ಎರಡು ಪವರ್ ಸಪ್ಲೈಯಲ್ಲಿ ಒಂದು ಸೊನ್ನೆ ವ್ಯಾಟ್ ತೋರಿಸ್ತಿದೆ. ಕೆಟ್ಟಿದೆಯಾ?

ಸ್ಥಿತಿಯ ಸಂಖ್ಯೆ ನೋಡಿ, ವ್ಯಾಟ್ ಅಲ್ಲ. ಕೆಲವು ಸರ್ವರ್‌ಗಳಲ್ಲಿ ಹಾಟ್ ಸ್ಪೇರ್ ಮೋಡ್ ಇರುತ್ತದೆ: ಲೋಡ್ ಕಡಿಮೆ ಇದ್ದಾಗ ಒಂದನ್ನು ಮಲಗಿಸಿ ಇನ್ನೊಂದರಲ್ಲೇ ಓಡುತ್ತದೆ. ಅದು ತಪ್ಪಲ್ಲ.

ಜನ ಅಲರ್ಟ್ ಹಾಕದೇ ಬಿಡುವುದು ಎರಡರ ಮೊತ್ತಕ್ಕೆ. ಎರಡೂ ಸೇರಿ ಎಳೆಯುವ ವ್ಯಾಟ್, ಒಂದೇ ಸಪ್ಲೈ ಕೊಡಬಲ್ಲದ್ದಕ್ಕಿಂತ ಹೆಚ್ಚಾದರೆ, ಒಂದು ಹೋದಾಗ ಇನ್ನೊಂದು ತಡೆದುಕೊಳ್ಳದೇ ಇರಬಹುದು. ಯಂತ್ರ ತಾನೇ ವೇಗ ಇಳಿಸಿಕೊಳ್ಳುತ್ತದೆ, ಇಲ್ಲವೇ ಆಫ್ ಆಗುತ್ತದೆ. ರ‍್ಯಾಕ್‌ನ ಎರಡು ಪಿಡಿಯುಗಳಿಗೂ (ಕರೆಂಟ್ ಹಂಚುವ ಪಟ್ಟಿಗಳಿಗೂ) ಇದೇ ಲೆಕ್ಕ.

ರಾತ್ರಿ ಸ್ವಿಚ್ ಒಂದು ಹೋಯ್ತು, ಇನ್ನೂರು ಮೆಸೇಜ್ ಬಂತು. ಹೇಗೆ ತಡೆಯೋದು?

ಅವಲಂಬನೆ ಹೇಳಿಕೊಡಿ. ಸ್ವಿಚ್ ಬಿದ್ದಿದ್ದರೆ ಅದರ ಹಿಂದಿನ ಸರ್ವರ್‌ಗಳ ಸೆನ್ಸರ್ ಎಲ್ಲ ವಿರಾಮಕ್ಕೆ ಹೋಗಬೇಕು. ಅದೇ ರೀತಿ, ಬಿಎಂಸಿಯ ಪಿಂಗ್ ಬಿದ್ದರೆ ಅದರ ಅಡಿಯ ಉಳಿದ ಸೆನ್ಸರ್ ಕೂಗಬಾರದು. ಪಿಆರ್‌ಟಿಜಿ, ಜ್ಯಾಬಿಕ್ಸ್‌ನಲ್ಲಿ ಇದಕ್ಕೆ ಸೆಟ್ಟಿಂಗ್ ಇದೆ, ಪ್ರೊಮೀಥಿಯಸ್‌ನಲ್ಲಾದರೆ ಅಲರ್ಟ್‌ಮ್ಯಾನೇಜರ್‌ನ ಇನ್‌ಹಿಬಿಟ್ ನಿಯಮ ಬರೆಯಬೇಕು.

ಎರಡನೆಯದು, ಒಂದೇ ಸಲ ಮಿತಿ ದಾಟಿದ್ದಕ್ಕೆ ಕೂಗಬಾರದು. ಸತತ ಮೂರು ಸಲ ದಾಟಲಿ. ಏರುವ ಮಿತಿಗೂ ಇಳಿಯುವ ಮಿತಿಗೂ ಅಂತರ ಇಡಿ: 27ಕ್ಕೆ ಅಲರ್ಟ್, 25ಕ್ಕೆ ಇಳಿದ ಮೇಲಷ್ಟೇ ಸರಿಯಾಯಿತು ಅಂತ. ಇಲ್ಲದಿದ್ದರೆ 26.9, 27.1 ನಡುವೆ ಇಡೀ ರಾತ್ರಿ ಮೆಸೇಜ್ ಆಡುತ್ತದೆ.

ಯಾವುದಕ್ಕೆ ಎಬ್ಬಿಸಬೇಕು ಅನ್ನೋದನ್ನೂ ವಿಂಗಡಿಸಿ. ಒಂದು ಪವರ್ ಸಪ್ಲೈ ಹೋದರೆ ಬೆಳಗ್ಗೆವರೆಗೆ ಕಾಯಬಹುದು, ಮೇಲ್ ಸಾಕು. ಒಳಗಾಳಿ 35 ಆದರೆ ಕಾಯಲಾಗದು, ಫೋನ್ ಬರಲಿ.

ಟ್ರ್ಯಾಪ್ ಹಾಕಿದ್ರೆ ಸಾಕಲ್ವಾ? ಕೇಳ್ತಾ ಕೂರೋದು ಯಾಕೆ?

ಟ್ರ್ಯಾಪ್ ಬೇಗ ಬರುತ್ತದೆ, ಆದರೆ ಅದು ಯುಡಿಪಿ. ದಾರಿಯಲ್ಲಿ ಕಳೆದುಹೋದರೆ ಕಳಿಸಿದವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಮಾನಿಟರಿಂಗ್ ಸರ್ವರ್ ರೀಬೂಟ್ ಆಗುತ್ತಿದ್ದ ಎರಡು ನಿಮಿಷದಲ್ಲಿ ಬಂದ ಟ್ರ್ಯಾಪ್ ಹೋಯಿತು ಅಂತಲೇ. ಇನ್‌ಫಾರ್ಮ್ ಬಳಸಿದರೆ ತಲುಪಿದ್ದಕ್ಕೆ ಒಪ್ಪಿಗೆ ಬರುತ್ತದೆ, ಎಲ್ಲ ಸಾಧನ ಅದನ್ನು ಕೊಡುವುದಿಲ್ಲ. ಎರಡೂ ಇಟ್ಟುಕೊಳ್ಳಿ. ಟ್ರ್ಯಾಪ್ ಬೇಗ ತಿಳಿಯಲು, ಕೇಳುವುದು ತಪ್ಪದೇ ತಿಳಿಯಲು.

ಎಲ್ಲ ಹಸಿರು ಇದೆ. ನಿಜವಾಗ್ಲೂ ಕೆಲಸ ಮಾಡುತ್ತಾ ಅಂತ ಹೇಗೆ ನೋಡಲಿ?

ಒಂದನ್ನು ಕೆಡಿಸಿ ನೋಡಿ. ಬಳಕೆಗೆ ಕೊಡುವ ಮುಂಚೆ ಒಂದು ಪವರ್ ಕೇಬಲ್ ಕೀಳಿ. ಒಂದು ನೆಟ್‌ವರ್ಕ್ ಕೇಬಲ್ ಕೀಳಿ. ಡೇಟಾ ಇಲ್ಲದ ಅರೇಯಿಂದ ಒಂದು ಡಿಸ್ಕ್ ಎಳೆಯಿರಿ. ಅಲರ್ಟ್ ಬಂತಾ, ಎಷ್ಟು ಹೊತ್ತಿಗೆ ಬಂತು, ಯಾರಿಗೆ ಬಂತು, ಮೆಸೇಜ್‌ನಲ್ಲಿ ಯಾವ ಸರ್ವರ್‌ನ ಯಾವ ಸ್ಲಾಟ್ ಅಂತ ಇದೆಯಾ ನೋಡಿ. ಡಿಸ್ಕ್ ಕೆಟ್ಟಿದೆ ಅಂತ ಮಾತ್ರ ಬಂದರೆ, ಬದಲಿಸಲು ಹೋದವರು ಒಳ್ಳೆಯ ಡಿಸ್ಕ್ ಎಳೆಯುತ್ತಾರೆ.

ಓಡುತ್ತಿರುವ ಸರ್ವರ್‌ನಲ್ಲಿ ಹೀಗೆಲ್ಲ ಮಾಡಲಾಗದು. ಅಲ್ಲಿ ತಾಪದ ಮಿತಿಯನ್ನು ಈಗಿರುವುದಕ್ಕಿಂತ ಒಂದು ಡಿಗ್ರಿ ಕೆಳಗೆ ಇಳಿಸಿ, ಅಲರ್ಟ್ ಬಂದ ಮೇಲೆ ವಾಪಸ್ ಏರಿಸಿ. ಬಿಎಂಸಿಗಳಲ್ಲಿ ಪರೀಕ್ಷೆಗೆ ಟ್ರ್ಯಾಪ್ ಕಳಿಸುವ ಬಟನ್ ಕೂಡ ಇರುತ್ತದೆ.

## ಇನ್ನೂ ಒಳಗೆ ಹೋದರೆ

ಪೋರ್ಟ್ ಟ್ರಾಫಿಕ್ ಗ್ರಾಫ್ ಗರಗಸದ ಹಾಗೆ ಬರುತ್ತೆ. ಲೋಡ್ ಹೆಚ್ಚಾದಾಗ ಕಡಿಮೆ ತೋರಿಸುತ್ತೆ.

ನೀವು 32 ಬಿಟ್ ಕೌಂಟರ್ ಓದುತ್ತಿದ್ದೀರಿ. ಅದು 4,294,967,295 ಬೈಟ್ ಮುಟ್ಟಿದ ಮೇಲೆ ಸೊನ್ನೆಗೆ ಮರಳುತ್ತದೆ. 1 ಜಿಬಿಪಿಎಸ್ ಪೂರ್ತಿ ತುಂಬಿ ಹರಿದರೆ ಸುಮಾರು 34 ಸೆಕೆಂಡಿಗೆ ಒಂದು ಸುತ್ತು, 10 ಜಿಬಿಪಿಎಸ್ ಆದರೆ 3.4 ಸೆಕೆಂಡ್. ನೀವು ನಿಮಿಷಕ್ಕೊಮ್ಮೆ ಕೇಳುವಷ್ಟರಲ್ಲಿ ಎಷ್ಟು ಸುತ್ತು ಹೋಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಎಚ್‌ಸಿ ಅಂತ ಹೆಸರಿನಲ್ಲಿರುವ 64 ಬಿಟ್ ಕೌಂಟರ್‌ಗೆ ಬದಲಿಸಿ. ಅದು ಎಸ್‌ಎನ್‌ಎಂಪಿ ಮೊದಲ ಆವೃತ್ತಿಯಲ್ಲಿ ಸಿಗದು, ಎರಡು ಅಥವಾ ಮೂರು ಬೇಕು.

ಬಾಂಡಿಂಗ್ ಮಾಡಿದೀವಿ, ಬಾಂಡ್ ಮೇಲೆ ಸೆನ್ಸರ್ ಇದೆ. ಅಷ್ಟು ಸಾಲದಾ?

ಸಾಲದು. ಬಾಂಡಿಂಗ್ ಅಂದರೆ ಎರಡು ಪೋರ್ಟ್ ಸೇರಿಸಿ ಒಂದಾಗಿ ಬಳಸುವುದು, ಎರಡು ಕೇಬಲ್‌ನಲ್ಲಿ ಒಂದು ಹೋದರೂ ಬಾಂಡ್ ಮೇಲೆದ್ದೇ ಇರುತ್ತದೆ. ಒಳಗಿನ ಎರಡೂ ಪೋರ್ಟಿಗೆ ಬೇರೆ ಬೇರೆ ಲಿಂಕ್ ಸೆನ್ಸರ್ ಹಾಕಿ. ವೇಗವನ್ನೂ ನೋಡಿ: 1 ಜಿಬಿಪಿಎಸ್ ಇರಬೇಕಾದ್ದು 100 ಎಂಬಿಪಿಎಸ್‌ಗೆ ಇಳಿದಿದ್ದರೆ ಕೇಬಲ್‌ನ ಒಂದು ಜೋಡಿ ತಂತಿ ಹೋಗಿದೆ ಅಂತ ಅನುಮಾನಿಸಿ. ಫೈಬರ್ ಆದರೆ ಎಸ್‌ಎಫ್‌ಪಿ (ಫೈಬರ್ ಚುಚ್ಚುವ ಮಾಡ್ಯೂಲ್) ಕೊಡುವ ಬೆಳಕಿನ ಪ್ರಮಾಣವನ್ನು ಗ್ರಾಫ್ ಮಾಡಿ. ಲಿಂಕ್ ಬೀಳುವ ಎಷ್ಟೋ ದಿನ ಮೊದಲೇ ಅದು ಮೆಲ್ಲಗೆ ಇಳಿಯುತ್ತಿರುವುದು ಕಾಣುವುದುಂಟು.

ಇಸಿಸಿ ಮೆಮೊರಿ ಎರರ್ ಸರಿಪಡಿಸಲಾಗಿದೆ ಅಂತ ಬರುತ್ತೆ. ಸರಿ ಆಯ್ತಲ್ಲ, ಬಿಡೋಣ್ವಾ?

ಎಲ್ಲೋ ಒಂದು ಬಂದರೆ ಬಿಡಿ. ಒಂದೇ ಸ್ಲಾಟ್‌ನಿಂದ ಪದೇ ಪದೇ ಬರುತ್ತಿದ್ದರೆ ಬಿಡಬೇಡಿ. ಒಂದು ಬಿಟ್ ತಪ್ಪನ್ನು ಇಸಿಸಿ ತಿದ್ದುತ್ತದೆ, ಎರಡು ಬಿಟ್ ತಪ್ಪಾದರೆ ಕಂಡುಹಿಡಿಯುತ್ತದೆ, ಸಾಮಾನ್ಯವಾಗಿ ತಿದ್ದಲಾಗದು, ಯಂತ್ರ ನಿಲ್ಲಬಹುದು. ಲಿನಕ್ಸ್‌ನ ಎಡ್ಯಾಕ್ ಸ್ಲಾಟ್‌ವಾರು ಎಣಿಕೆ ಕೊಡುತ್ತದೆ. ಮುಂದಿನ ಮೇಂಟೆನೆನ್ಸ್ ಹೊತ್ತಿಗೆ ಆ ಮೆಮೊರಿಯನ್ನು ಬೇರೆ ಸ್ಲಾಟಿಗೆ ಹಾಕಿ ನೋಡಿ. ಎರರ್ ಅದರ ಹಿಂದೆಯೇ ಹೋದರೆ ಮೆಮೊರಿ, ಹಳೆಯ ಸ್ಲಾಟ್‌ನಲ್ಲೇ ಉಳಿದರೆ ಬೋರ್ಡ್ ಅಥವಾ ಪ್ರೊಸೆಸರ್.

ಡಿಸ್ಕ್ ಎಲ್ಲ ಸರಿ ಇದೆ, ಆದ್ರೆ ಇದ್ದಕ್ಕಿದ್ದ ಹಾಗೆ ಬರೆಯೋದು ತುಂಬ ನಿಧಾನ.

ರೇಡ್ ಕ್ಯಾಶ್ ಬ್ಯಾಟರಿ ನೋಡಿ. ಬ್ಯಾಟರಿ ದುರ್ಬಲವಾದರೆ ಕಾರ್ಡು ರೈಟ್‌ಬ್ಯಾಕ್ (ಕ್ಯಾಶ್‌ಗೆ ಬರೆದ ಕೂಡಲೇ ಆಯಿತು ಅನ್ನುವುದು) ಬಿಟ್ಟು ರೈಟ್‌ತ್ರೂಗೆ ಇಳಿಯುತ್ತದೆ. ಡೇಟಾ ಕಳೆಯದಿರಲಿ ಅಂತ ಹಾಗೆ, ಆದರೆ ಪ್ರತಿ ಬರಹವೂ ಡಿಸ್ಕ್ ಮುಟ್ಟುವವರೆಗೆ ಕಾಯಬೇಕು. ಹಳೆಯ ಕಾರ್ಡ್‌ಗಳಲ್ಲಿ ಬ್ಯಾಟರಿ ಲರ್ನ್ ಸೈಕಲ್ (ಬ್ಯಾಟರಿಯ ಬಲ ಅಳೆಯಲು ಖಾಲಿ ಮಾಡಿ ತುಂಬುವುದು) ನಡೆಯುವಾಗಲೂ ತಾತ್ಕಾಲಿಕವಾಗಿ ಇದೇ ಆಗುತ್ತದೆ. ಬ್ಯಾಟರಿ ಸ್ಥಿತಿಗೂ, ಕ್ಯಾಶ್ ಈಗ ಯಾವ ಮೋಡ್‌ನಲ್ಲಿದೆ ಅನ್ನುವುದಕ್ಕೂ ಸೆನ್ಸರ್ ಇಡಿ.

ಐಪಿಎಂಐ ಭದ್ರ ಅಲ್ಲ ಅಂತಾರೆ. ಗಟ್ಟಿ ಪಾಸ್‌ವರ್ಡ್ ಇಟ್ರೆ ಸಾಲದಾ?

ಐಪಿಎಂಐ 2.0ರ ಲಾಗಿನ್ ವಿಧಾನದಲ್ಲೇ ದೋಷ ಇದೆ. ಬಳಕೆದಾರ ಹೆಸರು ಗೊತ್ತಿದ್ದರೆ ಸಾಕು, ಲಾಗಿನ್ ಆಗುವ ಮೊದಲೇ ಬಿಎಂಸಿ ಪಾಸ್‌ವರ್ಡ್‌ನಿಂದ ಮಾಡಿದ ಹ್ಯಾಶ್ ಕೊಟ್ಟುಬಿಡುತ್ತದೆ. ಅದನ್ನು ಮನೆಗೆ ಒಯ್ದು ನಿಧಾನವಾಗಿ ಒಡೆಯಬಹುದು. ಇದು ಸಾಫ್ಟ್‌ವೇರ್ ತಪ್ಪಲ್ಲ, ನಿಯಮದಲ್ಲೇ ಹಾಗಿದೆ, ಫರ್ಮ್‌ವೇರ್ ಅಪ್‌ಡೇಟ್‌ನಿಂದ ಹೋಗದು. ಪಾಸ್‌ವರ್ಡ್ ಉದ್ದಕ್ಕೂ 20 ಬೈಟ್ ಮಿತಿ.

ಬೇಡವಾದರೆ ನೆಟ್‌ವರ್ಕ್ ಮೇಲಿನ ಐಪಿಎಂಐ ಆಫ್ ಮಾಡಿ, ಸರ್ವರ್ ಒಳಗಿಂದ ಓದುವುದು ಆಗಲೂ ನಡೆಯುತ್ತದೆ. ಬೇಕಾದರೆ ಯುಡಿಪಿ 623 ಮಾನಿಟರಿಂಗ್ ಸರ್ವರ್‌ಗೆ ಮಾತ್ರ ತೆರೆದಿರಲಿ. ಮಾನಿಟರಿಂಗ್‌ಗೆ ಓದಲು ಮಾತ್ರ ಹಕ್ಕಿರುವ ಬೇರೆ ಬಳಕೆದಾರ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಕೊಡಬೇಡಿ. ಬಿಎಂಸಿಯನ್ನು ಇಂಟರ್ನೆಟ್‌ಗೆ ತೆರೆದಿಡೋದು ಯಾವ ಕಾರಣಕ್ಕೂ ಬೇಡ.

ಕ್ಲೋನ್ ಮಾಡಿದ ಸರ್ವರ್‌ಗಳಲ್ಲಿ ಎಸ್‌ಎನ್‌ಎಂಪಿ ಮೂರನೇ ಆವೃತ್ತಿ ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ.

ಎಂಜಿನ್ ಐಡಿ ಒಂದೇ ಆಗಿರುತ್ತದೆ. ಮೂರನೇ ಆವೃತ್ತಿಯಲ್ಲಿ ಪ್ರತಿ ಸಾಧನಕ್ಕೂ ಅದರದೇ ಐಡಿ, ಬೂಟ್ ಎಣಿಕೆ, ಗಡಿಯಾರ ಇರುತ್ತವೆ, 150 ಸೆಕೆಂಡಿಗಿಂತ ವ್ಯತ್ಯಾಸ ಬಂದರೆ ಪ್ಯಾಕೆಟ್ ತಿರಸ್ಕಾರ. ಎರಡು ಯಂತ್ರ ಒಂದೇ ಐಡಿ ಹೇಳಿದರೆ ಕೇಳುವವನಿಗೆ ಗೊಂದಲ. ಸರ್ವಿಸ್ ನಿಲ್ಲಿಸಿ, ಉಳಿಸಿಟ್ಟ ಐಡಿಯನ್ನು ಅಳಿಸಿ, ಬಳಕೆದಾರರನ್ನು ಮತ್ತೆ ಮಾಡಿ. ಪಾಸ್‌ವರ್ಡ್‌ನಿಂದ ಬರುವ ಕೀ ಐಡಿಗೆ ಅಂಟಿಕೊಂಡಿರುವುದರಿಂದ ಕೊನೆಯ ಹೆಜ್ಜೆ ಬಿಡುವಂತಿಲ್ಲ.

ಮಾನಿಟರಿಂಗ್ ಸರ್ವರೇ ಬಿದ್ರೆ?

ಆಗ ಎಲ್ಲ ಶಾಂತ, ಅದೇ ಭಯ. ಸದಾ ಕೂಗುತ್ತಲೇ ಇರುವ ಒಂದು ಅಲರ್ಟ್ ಮಾಡಿ, ಅದನ್ನು ಹೊರಗಿನ ಒಂದು ಸೇವೆಗೆ ಕಳಿಸಿ. ಕೂಗು ನಿಂತರೆ ಆ ಸೇವೆ ನಿಮಗೆ ಫೋನ್ ಮಾಡುತ್ತದೆ. ಪ್ರೊಮೀಥಿಯಸ್ ಬಳಸುವವರಲ್ಲಿ ಇದಕ್ಕೆ ವಾಚ್‌ಡಾಗ್ ಅನ್ನೋದು ರೂಢಿ. ಮಾನಿಟರಿಂಗ್ ಸರ್ವರನ್ನು ತಾನು ನೋಡಿಕೊಳ್ಳುವ ಅದೇ ಹೈಪರ್‌ವೈಸರ್ ಮೇಲೆ ಇಡಬೇಡಿ.

ಫರ್ಮ್‌ವೇರ್ ಅಪ್‌ಡೇಟ್ ಮಾಡಿದ್ಮೇಲೆ ಅರ್ಧ ಸೆನ್ಸರ್ ಮಾಯ. ಈಗೇನು?

ಬಿಎಂಸಿ ಪಟ್ಟಿಯಲ್ಲಿ ಕ್ರಮ ಅಥವಾ ಹೆಸರು ಬದಲಾಗಿರಬಹುದು. ಸಾಲಿನ ಸಂಖ್ಯೆ ಹಿಡಿದು ಹಾಕಿದ ಸೆನ್ಸರ್‌ಗಳು ಹೀಗೆ ಕೈಕೊಡುತ್ತವೆ, ಕೆಲವೊಮ್ಮೆ ಇನ್ನೂ ಕೆಟ್ಟದಾಗಿ 3ನೇ ಫ್ಯಾನ್ ಹೆಸರಲ್ಲಿ 4ನೇ ಫ್ಯಾನ್ ತೋರಿಸುತ್ತವೆ. ಸಾಫ್ಟ್‌ವೇರ್‌ನ ಡಿಸ್ಕವರಿ ಮತ್ತೆ ಓಡಿಸಿ, ಹೆಸರು ಹಿಡಿದು ಹೊಂದಿಸಿ. ಅಪ್‌ಡೇಟ್‌ಗೆ ಮುಂಚೆ ಒಂದು ಪೂರ್ತಿ ಎಸ್‌ಎನ್‌ಎಂಪಿವಾಕ್ ಫೈಲಿಗೆ ಉಳಿಸಿಕೊಂಡಿದ್ದರೆ, ಆದ ಮೇಲೆ ಇನ್ನೊಂದು ತೆಗೆದು ಹೋಲಿಸಿದರೆ ಏನು ಬದಲಾಗಿದೆ ಅಂತ ಹತ್ತು ನಿಮಿಷದಲ್ಲಿ ಸಿಗುತ್ತದೆ.

ಬಿಎಂಸಿಯ ಈವೆಂಟ್ ಲಾಗ್ ಕೂಡ ಆಗಲೇ ನೋಡಿಬಿಡಿ. ಅದರ ಜಾಗ ಚಿಕ್ಕದು. ತುಂಬಿದ ಮೇಲೆ ಕೆಲವು ಬಿಎಂಸಿಗಳು ಹೊಸದನ್ನು ಬರೆಯುವುದನ್ನೇ ನಿಲ್ಲಿಸುತ್ತವೆ. ಲಾಗನ್ನು ಬೇರೆ ಕಡೆ ಉಳಿಸಿ ಖಾಲಿ ಮಾಡಿ, ಬಿಎಂಸಿ ಗಡಿಯಾರಕ್ಕೆ ಎನ್‌ಟಿಪಿ (ನೆಟ್‌ವರ್ಕ್‌ನಿಂದ ಸಮಯ ಹೊಂದಿಸುವ ವಿಧಾನ) ಕೊಡಿ. ಗಡಿಯಾರ 1970ರಲ್ಲಿ ನಿಂತಿರುವ ಲಾಗ್ ಹಿಡಿದುಕೊಂಡು ಫ್ಯಾನ್ ಯಾವಾಗ ನಿಂತಿತು ಅಂತ ಪತ್ತೆ ಮಾಡಲಾಗದು.